ರೋಟವೇಟರ್ ಎತ್ತಿದಾಗ ಶಾಫ್ಟ್ ಅದುರುವುದೇಕೆ? ಸರಿಪಡಿಸುವುದು ಹೇಗೆ?

ತಿಪಟೂರು, ತುರುವೇಕೆರೆ ಮತ್ತು ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ತೆಂಗಿನ ತೋಟಗಳಲ್ಲಿ ಕಳೆ ತೆಗೆಯಲು ಮತ್ತು ಹಸಿರೆಲೆ ಗೊಬ್ಬರದ ಬೆಳೆಯನ್ನು ಮಣ್ಣಿಗೆ ಸೇರಿಸಲು ರೋಟವೇಟರ್ ಬಳಸುವುದು ರೂಢಿಯಾಗಿದೆ. ಬಯಲು ಹೊಲದಲ್ಲಿ ಉದ್ದಕ್ಕೆ ಸಾಗುವ ಈ ಯಂತ್ರ ತೋಟದಲ್ಲಿ 25ರಿಂದ 30 ಅಡಿಗೊಂದರಂತೆ ಇರುವ ಮರಗಳ ನಡುವೆ ಸುತ್ತಬೇಕು. ಬದು ಅಥವಾ ಪಾತಿ ಅಡ್ಡ ಬಂದಾಗಲೆಲ್ಲ ಅದನ್ನು ಎತ್ತಬೇಕು. ಎತ್ತಿದೊಡನೆ ಪಿ.ಟಿ.ಓ. ಶಾಫ್ಟ್ ಗಡಗಡ ಸದ್ದು ಮಾಡಿ ಅದುರುವುದನ್ನು ಕಿಬ್ಬನಹಳ್ಳಿ ಭಾಗದ ರೈತರೂ ಗಮನಿಸಿರಬಹುದು. ಕ್ರಾಸ್ ಸವೆದಿದೆಯೆಂದು ತಿಳಿದು ಹೊಸದನ್ನು ಹಾಕಿಸಿದರೂ ಹಲವು ವೇಳೆ ಅದುರಾಟ ನಿಲ್ಲುವುದಿಲ್ಲ. ಏಕೆಂದರೆ ದೋಷ ಇರುವುದು ಶಾಫ್ಟಿನ ಕೋನದಲ್ಲಿ.

ಅದುರಾಟಕ್ಕೆ ಕಾರಣ

ಶಾಫ್ಟಿನ ಎರಡು ತುದಿಗಳಲ್ಲಿ ಒಂದೊಂದು ಕ್ರಾಸ್ ಇರುತ್ತದೆ. ಶಾಫ್ಟ್ ನೇರವಾಗಿದ್ದಾಗ ಟ್ರಾಕ್ಟರಿನಿಂದ ಬಂದ ವೇಗವೇ ಮುಂದಕ್ಕೆ ಸಾಗುತ್ತದೆ. ಕ್ರಾಸಿನ ಬಳಿ ಶಾಫ್ಟ್ ಬಾಗಿದರೆ ಒಂದೇ ಸುತ್ತಿನಲ್ಲಿ ವೇಗವು ಎರಡು ಬಾರಿ ಏರಿ ಎರಡು ಬಾರಿ ಇಳಿಯುತ್ತದೆ. ಪಿ.ಟಿ.ಓ. ನಿಮಿಷಕ್ಕೆ 540 ಸುತ್ತು ತಿರುಗುತ್ತಿರುವಾಗ ನಡುವಿನ ಶಾಫ್ಟಿನ ವೇಗದಲ್ಲಿ ಆಗುವ ಏರಿಳಿತ ಹೀಗಿರುತ್ತದೆ:

10 ಡಿಗ್ರಿ ಕೋನದಲ್ಲಿ – 532ರಿಂದ 548 ಸುತ್ತು
15 ಡಿಗ್ರಿ ಕೋನದಲ್ಲಿ – 522ರಿಂದ 559 ಸುತ್ತು
30 ಡಿಗ್ರಿ ಕೋನದಲ್ಲಿ – 468ರಿಂದ 624 ಸುತ್ತು

ಕೋನ ಎರಡರಷ್ಟಾದರೆ ಏರಿಳಿತ ನಾಲ್ಕರಷ್ಟಕ್ಕೂ ಮೀರುತ್ತದೆಂಬುದನ್ನು ಇಲ್ಲಿ ಗಮನಿಸಬೇಕು. ಈ ಎಳೆದಾಟ ಸೆಕೆಂಡಿಗೆ 18 ಬಾರಿ ನಡೆಯುತ್ತದೆ. ಎರಡನೆಯ ಕ್ರಾಸ್ ಇದನ್ನು ಸರಿದೂಗಿಸಿ ಗೇರ್ ಬಾಕ್ಸಿಗೆ ಸಮವೇಗ ಕೊಡಬೇಕಾದರೆ ಎರಡು ನಿಯಮಗಳು ಪಾಲನೆಯಾಗಬೇಕು. ಒಂದು, ಎರಡು ತುದಿಗಳ ಕೋನ ಸಮನಾಗಿರಬೇಕು. ಎರಡು, ನಡುವಿನ ಶಾಫ್ಟಿನ ಎರಡು ಯೋಕುಗಳೂ ಒಂದೇ ಸಮತಲದಲ್ಲಿರಬೇಕು.

ಪರೀಕ್ಷಿಸುವ ಕ್ರಮ

ಎಂಜಿನ್ ನಿಲ್ಲಿಸಿ, ಕೀಲಿ ತೆಗೆದು, ಪಿ.ಟಿ.ಓ. ಬಿಡಿಸಿದ ನಂತರವೇ ಶಾಫ್ಟಿನ ಹತ್ತಿರ ಹೋಗತಕ್ಕದ್ದು. ರೋಟವೇಟರ್ ನೆಲದ ಮೇಲೆ ಕುಳಿತಿರಬೇಕು.

1. ಯೋಕುಗಳು: ಚೌಕಾಕಾರದ ಶಾಫ್ಟನ್ನು ಬಿಚ್ಚಿ ಮತ್ತೆ ಸೇರಿಸುವಾಗ ಕಾಲು ಸುತ್ತು ತಪ್ಪಿ ಕೂರುವ ಸಂಭವ ಹೆಚ್ಚು. ಹಾಗಾದರೆ ಏರಿಳಿತ ಸರಿದೂಗುವ ಬದಲು ಇಮ್ಮಡಿಯಾಗುತ್ತದೆ. ಮುಂದೆ ತಪ್ಪದಿರಲು ಎರಡು ಕೊಳವೆಗಳ ಮೇಲೂ ಬಣ್ಣದ ಗುರುತು ಹಾಕಿಡಿ.

2. ಕ್ರಾಸ್: ಶಾಫ್ಟನ್ನು ಕೈಯಿಂದ ಅಲುಗಾಡಿಸಿ ನೋಡಿ. ಆಟ ಕಂಡರೆ ಮಾತ್ರ ಕ್ರಾಸ್ ಬದಲಿಸಿ. ಕೊಳವೆ ಬಾಗಿದ್ದರೂ, ರೋಟರಿನ ಬ್ಲೇಡು ಮುರಿದಿದ್ದರೂ ಅದುರಾಟ ಬರುತ್ತದೆ. ಆದರೆ ಅದು ಎತ್ತಿದಾಗ ಮಾತ್ರವಲ್ಲದೆ ಉಳುವಾಗಲೂ ಇರುತ್ತದೆ.

3. ಕೋನ: ಇದಕ್ಕೆ ಮಕ್ಕಳ ಜಾಮಿಟ್ರಿ ಪೆಟ್ಟಿಗೆಯ ಕೋನಮಾಪಕವೇ ಸಾಕು. ಅದರ ನಡುಬಿಂದುವಿಗೆ ದಾರ ಕಟ್ಟಿ, ತುದಿಗೆ ಒಂದು ನಟ್ ತೂಗುಬಿಡಿ. ರೋಟವೇಟರನ್ನು ಕೆಲಸದ ಆಳಕ್ಕೆ ಇಳಿಸಿ, ನೇರ ಅಂಚನ್ನು ಪಿ.ಟಿ.ಓ. ತುದಿ, ಶಾಫ್ಟಿನ ಕೊಳವೆ ಮತ್ತು ಗೇರ್ ಬಾಕ್ಸಿನ ಶಾಫ್ಟ್ ಮೂರಕ್ಕೂ ಒಂದೇ ಬದಿಯಿಂದ ಹಿಡಿದು ದಾರ ಎಲ್ಲಿ ನಿಲ್ಲುತ್ತದೆಂದು ನೋಡಿ. ಮೊದಲ ಮತ್ತು ಕೊನೆಯ ಅಳತೆ ಒಂದೇ ಆಗಿರಬೇಕು. ಆಗದಿದ್ದರೆ ಟಾಪ್ ಲಿಂಕನ್ನು ತಿರುಗಿಸಿ ಸರಿಹೊಂದಿಸಿ. ಇವಕ್ಕೂ ನಡುವಿನ ಕೊಳವೆಗೂ ಇರುವ ವ್ಯತ್ಯಾಸವೇ ಕ್ರಾಸಿನ ಕೋನ. ಉಳುವಾಗ ಅದು 15 ಡಿಗ್ರಿಯೊಳಗಿದ್ದರೆ ಉತ್ತಮ.

ಎತ್ತುವಾಗ ಗಮನಿಸಬೇಕಾದುದು

ಎರಡು ಕೋನ ಸಮನಾಗಿದ್ದರೂ ನಡುವಿನ ಶಾಫ್ಟಿನ ಏರಿಳಿತ ಉಳಿದೇ ಇರುತ್ತದೆ. ಆದ್ದರಿಂದ ಯಂತ್ರವನ್ನು ಪೂರ್ತಿ ಎತ್ತುವ ಮೊದಲು ಪಿ.ಟಿ.ಓ. ಬಿಡಿಸುವುದು ಅವಶ್ಯಕ. ಸಾಲಿನ ಕೊನೆಯಲ್ಲಿ ತಿರುಗಿಸಲು ಬ್ಲೇಡು ನೆಲ ಬಿಡುವಷ್ಟು ಎತ್ತಿದರೆ ಸಾಕು. ಹೈಡ್ರಾಲಿಕ್ ಸನ್ನೆಯ ಎತ್ತರವನ್ನು ಮಿತಿಗೊಳಿಸುವ ತಡೆಯನ್ನು ಆ ಮಟ್ಟಕ್ಕೆ ಬಿಗಿದಿಡಿ. ಕೊಳವೆಗಳು ಒಂದರೊಳಗೊಂದು ಕನಿಷ್ಠ ಮೂರನೇ ಒಂದು ಭಾಗ ಕೂತಿರಬೇಕು. ಪೂರ್ತಿ ಒಳಸರಿದಾಗಲೂ ಒಂದೂವರೆ ಅಂಗುಲ ಎಡೆ ಉಳಿದಿರಬೇಕು. ಪ್ರತಿ 8 ಗಂಟೆ ಕೆಲಸಕ್ಕೊಮ್ಮೆ ಕ್ರಾಸಿಗೆ ಗ್ರೀಸ್ ಹಾಕಿ.

ಮರದ ಬುಡದಿಂದ 6 ಅಡಿಯೊಳಗೆ ರೋಟವೇಟರ್ ತರಬೇಡಿ. ಬೇರಿಗೆ ಪೆಟ್ಟಾಗುವುದು ತಪ್ಪುತ್ತದೆ, ಯಂತ್ರವನ್ನು ಪದೇಪದೇ ಎತ್ತುವ ಕೆಲಸವೂ ಕಡಿಮೆಯಾಗುತ್ತದೆ.

ಜೀಪಿಗೂ ಇದೇ ನಿಯಮ

ತೋಟದ ದಾರಿಗೆಂದು ಫೋರ್ ವ್ಹೀಲ್ ಜೀಪಿನ ಸ್ಪ್ರಿಂಗ್ ಪಟ್ಟಿ ಹೆಚ್ಚಿಸಿ ಎತ್ತರ ಮಾಡಿಸಿದವರಿಗೂ ಇದೇ ತೊಂದರೆ ಕಾಡುತ್ತದೆ. ಗಾಡಿ ಎತ್ತರವಾದಂತೆ ಪ್ರೊಪೆಲ್ಲರ್ ಶಾಫ್ಟಿನ ಕೋನ ಹೆಚ್ಚುತ್ತದೆ. ಎರಡು ತುದಿಗೂ ಕ್ರಾಸ್ ಇರುವ ಶಾಫ್ಟಾದರೆ, ಸ್ಪ್ರಿಂಗ್ ಮತ್ತು ಆಕ್ಸಲ್ ನಡುವೆ ಓರೆಬಿಲ್ಲೆ ಕೂರಿಸಿ ಎರಡು ತುದಿಯ ಕೋನ ಸಮ ಮಾಡಿಸಬೇಕು. ಅಷ್ಟಕ್ಕೂ ನಿಲ್ಲದಿದ್ದರೆ ಎತ್ತರವನ್ನೇ ತಗ್ಗಿಸುವುದು ಲೇಸು.

ಎಚ್ಚರಿಕೆ

ಎರಡೂವರೆ ಅಂಗುಲ ದಪ್ಪದ ಶಾಫ್ಟ್ ಒಂದು ಸೆಕೆಂಡಿನಲ್ಲಿ 9 ಸುತ್ತು ತಿರುಗಿ ಸುಮಾರು 6 ಅಡಿ ಬಟ್ಟೆಯನ್ನು ಸುತ್ತಿಕೊಳ್ಳಬಲ್ಲದು. ಕೂಗುವಷ್ಟರಲ್ಲಿ ಪಂಚೆ, ಟವೆಲು, ಸೀರೆಯ ಸೆರಗು ಸಿಕ್ಕಿ ಪ್ರಾಣವೇ ಹೋಗಬಹುದು. ಅದುರುವ ಶಾಫ್ಟಿನ ಸದ್ದು ಎಲ್ಲಿಂದ ಬರುತ್ತದೆಂದು ಬಗ್ಗಿ ನೋಡುವ ಅಭ್ಯಾಸವನ್ನು ಬಿಡಿ. ರಕ್ಷಣಾ ಕವಚ ಒಡೆದಿದ್ದರೆ ಕ್ರಾಸಿಗಿಂತ ಮೊದಲು ಅದನ್ನೇ ಹೊಸದಾಗಿ ಹಾಕಿಸಿ, ಅದು ತಿರುಗದಂತೆ ಸರಪಳಿಯನ್ನು ಕಟ್ಟಿ.