ಕ್ರೀಮೋ, ಲೆಮನ್ನೋ?

ಪ್ರಶ್ನೆ: ನಾನು ವಿಜಯಪುರದ ಕಡೆಯವಳು. ಮದುವೆಯಾಗಿ ಇಂದಾಪುರಕ್ಕೆ ಬಂದು ಹದಿನೈದು ವರ್ಷ ಆಯಿತು. ಇಳಕಲ್ ಸೀರೆ ತರಿಸಿ ಮನೆಯಿಂದಲೇ ಮಾರುತ್ತೇನೆ. ಊರಿನವರು ಬಂದು ಕೈಯಲ್ಲಿ ಹಿಡಿದು ನೋಡುತ್ತಾರೆ, ಅವರಿಗೆ ಬಣ್ಣದ ಹೆಸರು ಬೇಕಿಲ್ಲ. ದೂರದ ಗಿರಾಕಿಗಳಿಗೆ ಮಾತ್ರ ಫೋಟೊ ಕಳಿಸಿ ಇಂಗ್ಲಿಷಿನಲ್ಲಿ ಬರೆಯಬೇಕು. ಹೋದ ತಿಂಗಳು ಕೆಂಪು ಸೆರಗಿನ ಒಂದು ತಿಳಿಹಳದಿ ಸೀರೆಗೆ ‘ಕ್ರೀಮ್’ ಎಂದು ಬರೆದೆ. ತರಿಸಿಕೊಂಡವರು ‘ಇದು ಲೆಮನ್’ ಎಂದು ವಾಪಸು ಕಳಿಸಿದರು. ‘ಲೈಟ್ ಯೆಲ್ಲೊ’ ಬಿಟ್ಟರೆ ನನಗೆ ಬೇರೆ ಪದ ತೋಚುವುದಿಲ್ಲ. ಯಾವ ಛಾಯೆಗೆ ಏನೆನ್ನಬೇಕು?
– ಓದುಗರು, ಇಂದಾಪುರ, ಪುಣೆ ಜಿಲ್ಲೆ

ಉತ್ತರ: ಇಂಗ್ಲಿಷಿನ ತಿಳಿಹಳದಿಗಳ ಹೆಸರು ಬಹುಪಾಲು ವಸ್ತುಗಳ ಹೆಸರೇ. ಆ ವಸ್ತು ಕಣ್ಣಮುಂದೆ ಬಂದರೆ ಪದ ತಪ್ಪುವುದಿಲ್ಲ. ಕ್ರೀಮ್ ವಿಷಯದಲ್ಲಿ ನಾವು ಎಡವುವುದೂ ಇಲ್ಲೇ. ಎಮ್ಮೆ ಹಾಲಿನ ಕೆನೆ ನೋಡಿ ಬೆಳೆದವರಿಗೆ ಕೆನೆ ಎಂದರೆ ಬಿಳುಪು. ಇಂಗ್ಲಿಷಿನವರ ಕ್ರೀಮ್ ಆಕಳ ಹಾಲಿನದು. ಆಕಳು ತಿಂದ ಹಸಿ ಮೇವಿನ ಹಳದಿ ಅಂಶ ಅದರ ಕೆನೆಗೂ ಬೆಣ್ಣೆಗೂ ಇಳಿಯುತ್ತದೆ, ಎಮ್ಮೆಯ ಹಾಲಿಗೆ ಇಳಿಯುವುದಿಲ್ಲ. ಹಾಗಾಗಿ ಬಿಳುಪಿನಲ್ಲಿ ಬೆಚ್ಚಗಿನ ಹಳದಿ ಬೆರೆತಿದ್ದರೆ ಕ್ರೀಮ್. ಹಳದಿ ಇನ್ನೂ ತುಸು ಗಾಢವಾದರೆ ಬಟರ್.

ಐವರಿ ಆನೆದಂತದ ಬಣ್ಣ, ಕ್ರೀಮಿಗಿಂತ ಬಿಳಿ. ಲೆಮನ್ ಹಸಿರಿನ ಕಡೆ ವಾಲಿದ ಹಳದಿ. ಅದು ಮೆತ್ತಗಾದರೆ ಪ್ರಿಮ್‌ರೋಸ್, ಇಂಗ್ಲೆಂಡಿನ ವಸಂತದ ಹೂವು. ಒಣಗಿದ ಕಣಿಕೆಯ ಬಣ್ಣಕ್ಕೆ ಸ್ಟ್ರಾ ಎನ್ನಿ. ಮೆಕ್ಕೆಜೋಳದ ತೆನೆಯ ತುದಿಯಲ್ಲಿ ನೇತಾಡುವ ನವಿರಾದ ಎಳೆ ಇದೆಯಲ್ಲ, ಅದು ಕಾರ್ನ್‌ಸಿಲ್ಕ್; ರೇಷ್ಮೆ ಸೀರೆಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಕಾಣದು. ಎಕ್ರೂ, ಬೇಜ್ ಎರಡೂ ಫ್ರೆಂಚಿನಿಂದ ಬಂದವು: ಮೊದಲನೆಯದು ಬಿಳುಪು ಮಾಡದ ಕಚ್ಚಾ ಬಟ್ಟೆಯದು, ಎರಡನೆಯದು ಬಣ್ಣ ಹಾಕದ ಉಣ್ಣೆಯದು. ಇವುಗಳಲ್ಲಿ ಹಳದಿಗಿಂತ ಮಣ್ಣಿನ ಛಾಯೆ ಹೆಚ್ಚು.

ಖಾಕಿ ಎಂಬ ಪದದಿಂದ ಮಾತ್ರ ದೂರವಿರಿ. ವೆಬ್ ಬಣ್ಣಗಳ ಪಟ್ಟಿಯಲ್ಲಿ ಖಾಕಿ ಎಂದರೆ ಕೆಂಪು 240, ಹಸಿರು 230, ನೀಲಿ 140 ಸೇರಿದ ತಿಳಿಹಳದಿ. ನಮ್ಮ ಗಿರಾಕಿಗೆ ಕಾಣುವುದು ಪೊಲೀಸರ ಅಂಗಿ. ನಿಘಂಟಿನಲ್ಲಿ ಸಿಗುವ ‘ಸ್ಯಾಲೊ’ ಕೂಡ ಬೇಡ. ಅದು ಕಾಯಿಲೆಯವರ ಮುಖ ಬಿಳಚಿಕೊಂಡಾಗಿನ ಹಳದಿ, ಸೀರೆಗೆ ಹಾಕುವಂಥದ್ದಲ್ಲ.

ಇನ್ನು ನಿಮಗೆ ವಾಪಸು ಬಂದ ಸೀರೆ. ನನ್ನ ಅನುಮಾನ ಆ ಕೆಂಪು ಸೆರಗಿನ ಮೇಲೆ. ಕೆಂಪಿನ ಪಕ್ಕದಲ್ಲಿಟ್ಟ ತಿಳಿಬಣ್ಣ ನಮ್ಮ ಕಣ್ಣಿಗೆ ತುಸು ಹಸಿರಿನ ಕಡೆ ವಾಲಿದಂತೆ ಕಾಣುತ್ತದೆ. ಬಟ್ಟೆ ಬದಲಾಗಿರುವುದಿಲ್ಲ, ನೋಟ ಬದಲಾಗಿರುತ್ತದೆ. ಬೆಳಿಗ್ಗೆ ಬಿಸಿಲು ನೇರವಾಗಿ ಬೀಳದ ಕಿಟಕಿಯ ಹತ್ತಿರ ಸೀರೆ ಬಿಚ್ಚಿ. ಹಳದಿ ಬಲ್ಬಿನ ಕೆಳಗೆ ಬೇಡ, ಅಲ್ಲಿ ಬಿಳಿಯೂ ಕೆನೆಯಾಗುತ್ತದೆ. ಸೆರಗನ್ನೂ ದಡಿಯನ್ನೂ ಬಿಳಿ ಹಾಳೆಯಿಂದ ಮುಚ್ಚಿ, ಒಡಲನ್ನಷ್ಟೇ ನೋಡಿ. ಆಗಲೂ ಹಸಿರು ಇಣುಕಿದರೆ ‘ಪೇಲ್ ಲೆಮನ್’ ಎಂದು ತಿದ್ದಿ ಮತ್ತೆ ಮಾರಾಟಕ್ಕಿಡಿ. ಹಸಿರು ಮಾಯವಾದರೆ ನೀವು ಬರೆದ ಕ್ರೀಮ್ ಸರಿಯಾಗಿಯೇ ಇತ್ತು. ಮುಂದಿನ ಗಿರಾಕಿಗೆ ಸೆರಗಿನ ಫೋಟೊ ಒಂದು, ಬರೀ ಒಡಲಿನದು ಇನ್ನೊಂದು ಕಳಿಸಿ.