ಡೊಮೇನ್ ಉತಾರದಲ್ಲಿ ಯಾರ ಹೆಸರಿದೆ?

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರು ವೆಬ್‌ಸೈಟ್ ಮಾಡಿಸಿದರು ಎನ್ನಿ. ಪರಿಚಯದ ಹುಡುಗನೇ ಹೆಸರು ಹುಡುಕಿ, ತನ್ನ ಇ-ಮೇಲ್ ಕೊಟ್ಟು, ದುಡ್ಡು ಕಟ್ಟಿ ಕೆಲಸ ಮುಗಿಸಿದ. ಮೂರು ವರ್ಷದಲ್ಲಿ ಅವನು ಬೆಂಗಳೂರು ಸೇರಿದ. ನವೀಕರಣದ ಸೂಚನೆಗಳು ಅವನ ಹಳೆಯ ಇ-ಮೇಲ್‌ನಲ್ಲೇ ಬಿದ್ದವು. ಚೀಲದ ಮೇಲೂ ಬಿಲ್ ಪುಸ್ತಕದ ಮೇಲೂ ಅಚ್ಚಾಗಿದ್ದ ವಿಳಾಸ ಒಂದು ಬೆಳಿಗ್ಗೆ ತೆರೆಯಲೇ ಇಲ್ಲ.

ಹೊಲ ಕೊಳ್ಳುವ ಮೊದಲು ಉತಾರ ತೆಗೆಸಿ ನೋಡುವ ಹಾವೇರಿ ಸೀಮೆಯ ಜನ ಇಲ್ಲಿ ಮಾತ್ರ ಏಕೋ ಉದಾಸೀನ ಮಾಡುತ್ತಾರೆ. ಡೊಮೇನ್‌ಗೂ ಅಂದರೆ ವೆಬ್ ವಿಳಾಸದ ಹೆಸರಿಗೂ ಉತಾರದಂಥ ದಾಖಲೆ ಇದೆ. ಆದರೆ ಇದು ಖರೀದಿಯಲ್ಲ, ಲಾವಣಿ. ಒಂದು ಸಲಕ್ಕೆ 1 ವರ್ಷದಿಂದ 10 ವರ್ಷದವರೆಗೆ ಹಿಡಿಯಬಹುದು. 1998ರಲ್ಲಿ ಸ್ಥಾಪನೆಯಾದ ಐಕ್ಯಾನ್ ಎಂಬ ಸಂಸ್ಥೆ ಇಡೀ ವ್ಯವಸ್ಥೆಯನ್ನು ಹೊಂದಿಸುತ್ತದೆ, ‘.ಇನ್’ ಹೆಸರುಗಳ ದಫ್ತರ ನಮ್ಮ ನಿಕ್ಸಿ ಸಂಸ್ಥೆಯ ಬಳಿ ಇದೆ. ಹೆಸರು ಕೊಡುವ ಕಂಪನಿ ರಿಜಿಸ್ಟ್ರಾರ್, ಪಡೆದವರು ರಿಜಿಸ್ಟ್ರಂಟ್. ಹಕ್ಕು ಈ ಕೊನೆಯವರದ್ದು.

ಮೊದಲು ಹೆಸರು ಆರಿಸಿ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲೇ ಭೌಗೋಳಿಕ ಸೂಚಕದ (ಜಿಐ) ಮಾನ್ಯತೆ ಸಿಕ್ಕಿದೆ, ನಿಜ. ಅಷ್ಟರಿಂದಲೇ ಡೊಮೇನ್ ಯಾರ ಕೈಗೂ ಬರುವುದಿಲ್ಲ. ಇಲ್ಲಿ ಮೊದಲು ಬಂದವರಿಗೇ ಮಣೆ. ಇಂಗ್ಲಿಷಿನಲ್ಲಿ ಬ್ಯಾಡಗಿಯನ್ನು ‘ಡಿ’ ನಂತರ ‘ಎ’ ಸೇರಿಸಿಯೂ ಬರೆಯುತ್ತಾರೆ, ಸೇರಿಸದೆಯೂ ಬರೆಯುತ್ತಾರೆ. ರಾಣೆಬೆನ್ನೂರು ಕೆಲವರ ಕೈಯಲ್ಲಿ ‘ರಾಣಿಬೆನ್ನೂರು’ ಆಗುತ್ತದೆ. ಅಲ್ಲಿನ ಬೀಜದ ವ್ಯಾಪಾರಿಗಳು ಎರಡೂ ಕಾಗುಣಿತ ಹಿಡಿದಿಟ್ಟರೆ ಕ್ಷೇಮ.

ಒಂದಕ್ಷರ ಎಷ್ಟು ದೂರ ಎಳೆಯಬಲ್ಲದು ಎಂಬುದಕ್ಕೆ ಕರ್ನಾಟಕದ್ದೇ ಸಾಕ್ಷಿ ಇದೆ. ಸತ್ಯಂ ಇನ್ಫೋವೇ ಕಂಪನಿ ಬಳಸುತ್ತಿದ್ದ ಹೆಸರು ‘ಸಿಫಿ’. ಇನ್ನೊಂದು ಕಂಪನಿ ಒಂದು ‘ಎಫ್’ ಹೆಚ್ಚಿಗೆ ಹಾಕಿ ಸಿಫಿನೆಟ್ ಎಂಬ ಡೊಮೇನ್ ಪಡೆಯಿತು. ಬೆಂಗಳೂರಿನ ಸಿವಿಲ್ ನ್ಯಾಯಾಲಯ ತಡೆ ನೀಡಿತು, ಹೈಕೋರ್ಟ್ ತೆರವು ಮಾಡಿತು. ಕಡೆಗೆ 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ನಿಂತು, ಟ್ರೇಡ್‌ಮಾರ್ಕ್‌ಗೆ ಸಿಗುವಂಥ ರಕ್ಷಣೆ ಡೊಮೇನ್‌ಗೂ ಉಂಟು ಎಂದಿತು. ಈಗ ‘.ಇನ್’ ತಕರಾರುಗಳಿಗೆ ಐಎನ್‌ಡಿಆರ್‌ಪಿ ಎಂಬ ಪಂಚಾಯ್ತಿ ದಾರಿ ಇದೆ.

ನೋಂದಣಿಯನ್ನು ಯಾರಿಂದಲಾದರೂ ಮಾಡಿಸಿ, ಅಡ್ಡಿಯಿಲ್ಲ. ರಿಜಿಸ್ಟ್ರಂಟ್ ಜಾಗದಲ್ಲಿ ಮಾಲೀಕರ ಹೆಸರು, ಅವರದೇ ಇ-ಮೇಲ್, ಅವರದೇ ಫೋನ್ ಇರಲಿ. ‘.ಕಾಮ್’ ಆದರೆ ಇ-ಮೇಲ್‌ಗೆ ಬರುವ ಕೊಂಡಿ ಒತ್ತಿ 15 ದಿನದೊಳಗೆ ದೃಢಪಡಿಸಬೇಕು; ಇಲ್ಲವಾದರೆ ಸೈಟ್ ಸ್ಥಗಿತವಾಗಬಹುದು. ಸೈಟ್ ಇಡುವ ಜಾಗ, ಅಂದರೆ ಹೋಸ್ಟಿಂಗ್, ಬೇರೆ ಬಾಬತ್ತು. ಅದರ ರಸೀದಿ ಡೊಮೇನ್ ರಸೀದಿಯಲ್ಲ. ರಿಜಿಸ್ಟ್ರಾರ್ ಬದಲಿಸಬೇಕಾದರೆ ಹಳಬರಿಂದ ವರ್ಗಾವಣೆಯ ರಹಸ್ಯ ಕೋಡ್ ಕೇಳಿ ಪಡೆಯಬೇಕು.

ಅವಧಿ ಮುಗಿದ ಮರುದಿನವೇ ಹೆಸರು ಪರರ ಪಾಲಾಗುವುದಿಲ್ಲ. ‘.ಕಾಮ್’ನಲ್ಲಿ ರಿಜಿಸ್ಟ್ರಾರ್ ಕೊಡುವ ಸಡಿಲಿಕೆ ಮುಗಿದು ಹೆಸರು ಅಳಿಸಿದ ಮೇಲೂ 30 ದಿನ ಬಿಡಿಸಿಕೊಳ್ಳಲು ಅವಕಾಶವಿದೆ, ದಂಡ ಮಾತ್ರ ಭಾರಿ. ಆಮೇಲೆ 5 ದಿನ ಕಾದು ಬಯಲಿಗೆ ಬಿಡುತ್ತಾರೆ. ಆದರೆ ಸಡಿಲಿಕೆಯ ದಿನಗಳಲ್ಲೇ ಹರಾಜಿಗಿಡುವ ರಿಜಿಸ್ಟ್ರಾರ್‌ಗಳೂ ಇದ್ದಾರೆ.

‘ಹೂ ಈಸ್’ ಎಂಬ ಡೊಮೇನ್ ದಾಖಲೆಯ ಹುಡುಕಾಟದಲ್ಲಿ ಅವಧಿ ಮುಗಿಯುವ ದಿನಾಂಕ ಮತ್ತು ರಿಜಿಸ್ಟ್ರಾರ್ ಹೆಸರು ಪುಕ್ಕಟೆ ಸಿಗುತ್ತವೆ. ಮಾಲೀಕರ ಹೆಸರು ಈಗ ಬಹುಪಾಲು ಮರೆಯಲ್ಲಿರುತ್ತದೆ. ಅದನ್ನು ನೋಡಲು ಖಾತೆಯೊಳಗೇ ಹೋಗಬೇಕು. ಹಾವೇರಿಯ ಏಲಕ್ಕಿ ಹಾರದವರಿರಲಿ, ಬ್ಯಾಡಗಿಯ ದಲಾಲರಿರಲಿ, ಸೈಟ್ ಈಗಾಗಲೇ ಇದ್ದರೆ ಅದನ್ನು ಮಾಡಿಕೊಟ್ಟ ಹುಡುಗನ ನಂಬರ್ ಬದಲಾಗುವ ಮೊದಲೇ ಫೋನ್ ಮಾಡಿ ಲಾಗಿನ್ ಕೇಳಿಬಿಡಿ.