ಮೊದಲ ಬೈಕೇ ಆರ್‌ಎಕ್ಸ್ 100 ಆಗಬೇಕೆ?

ಆರ್‌ಎಕ್ಸ್ 100 ಸದ್ದಿಗೆ ಮನಸೋಲದ ಹುಡುಗರು ಕಡಿಮೆ, ಬಿಡಿ. ಆದರೆ ಅದರ ತಯಾರಿಕೆ ನಿಂತದ್ದು 1996ರಲ್ಲಿ. ನೀವು ನೋಡಲು ಹೋಗುವ ಗಾಡಿಯ ಹೊಳಪೆಲ್ಲ ಹೊಸ ಪೇಂಟಿನದೇ ಇರಬೇಕು.

ಮೊದಲು ಆರ್‌ಸಿ ಕೇಳಿ. 15 ವರ್ಷ ದಾಟಿದ ಬೈಕಿಗೆ 5 ವರ್ಷಕ್ಕೊಮ್ಮೆ ನೋಂದಣಿ ನವೀಕರಣ ಆಗಲೇಬೇಕು. ಚಾಸಿ, ಎಂಜಿನ್ ನಂಬರ್ ಆರ್‌ಸಿಯ ಜೊತೆ ಒಂದಕ್ಷರವೂ ತಪ್ಪದೆ ತಾಳೆಯಾಗಬೇಕು. ಉಜ್ಜಿ ಮತ್ತೆ ಕೊರೆದಂತೆ ಕಂಡರೆ ಬೆಲೆ ಮಾತಾಡದೆ ಎದ್ದು ಬನ್ನಿ.

ಬೆಳಗ್ಗೆಯೇ ಹೋಗಿ. ನಾನು ಬರುವ ಮುಂಚೆ ಸ್ಟಾರ್ಟ್ ಮಾಡಬೇಡಿ ಎಂದು ಹೇಳಿಟ್ಟಿರಿ. ಎಂಜಿನ್ ಹತ್ತಿರ ಕೈ ಹಿಡಿದು ನೋಡಿ. ಆಗಲೇ ಬೆಚ್ಚಗಿದ್ದರೆ ಅನುಮಾನ ಪಡಿ. ತಣ್ಣಗಿದ್ದಾಗಲೇ ಎರಡು ಮೂರು ಕಿಕ್ಕಿಗೆ ಸ್ಟಾರ್ಟ್ ಆಗಬೇಕು. ಟೂ-ಸ್ಟ್ರೋಕ್ ತಾನೇ, ಶುರುವಿನಲ್ಲಿ ತುಸು ಹೊಗೆ ಸಹಜ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕ್ರ್ಯಾಂಕ್ ಸೀಲ್ ಹೋಗಿರಬಹುದು, ಖರ್ಚು ದೊಡ್ಡದು.

ಎಲ್ಲ ಸರಿಯಿದ್ದರೂ ನನ್ನ ಉತ್ತರ, ಈಗಲೇ ಬೇಡ. ಚಿಗರೆಯಂತೆ ನೆಗೆಯುವ ಗಾಡಿಗೆ ಹಳೇ ಡ್ರಮ್ ಬ್ರೇಕು. ಕೈ ಪಳಗದವರಿಗೆ ಅದು ಅಪಾಯ. ಏಳೆಂಟು ವರ್ಷದ ಸ್ಪ್ಲೆಂಡರ್ ಕೊಂಡು ಒಂದು ವರ್ಷ ಓಡಿಸಿ. ಯಾವುದನ್ನೇ ಕೊಳ್ಳಿ, ಹಣ ಕೊಡುವ ದಿನವೇ ಮಾಲೀಕತ್ವ ವರ್ಗಾವಣೆಯ ಫಾರಂ 29, 30ಕ್ಕೆ ಮಾರುವವರ ಸಹಿ ಹಾಕಿಸಿಕೊಳ್ಳಿ.